ಕರೆತಂದವಳ ಹೆಸರು

ಮಾಗಳಿ ಬೇರನ್ನು ಹಿಂದಿನ ದಿನವೇ ನೀರಿನಲ್ಲಿ ನೆನೆಹಾಕಿದ್ದೆ. ಬೆಳಿಗ್ಗೆ ಮಾದಪ್ಪನ ಪಟಕ್ಕೆ ಹೂವಿಟ್ಟು, ತಿಂಡಿ ಮುಗಿಸಿ, ಹಿತ್ತಿಲ ಒಗೆಯುವ ಕಲ್ಲಿನ ಪಕ್ಕ ಮಣೆ ಹಾಕಿಕೊಂಡು ಕೂತು ಸಿಪ್ಪೆ ಹೆರೆಯುತ್ತಿದ್ದೆ. ಈ ಬೇರಿನ ಉಪ್ಪಿನಕಾಯಿ ತಿಂದವರಿಗೆ ಅದರ ವಾಸನೆ ಗೊತ್ತು. ಗೊತ್ತಿಲ್ಲದವರು ತಿಗಣೆ ಹೊಸಕಿದ ಹಾಗಿದೆ ಎಂದು ಮೂಗು ಮುಚ್ಚಿಕೊಳ್ಳುತ್ತಾರೆ. ನಮ್ಮ ಯಜಮಾನರಂತೂ ಬೇರು ಮನೆಗೆ ಬಂದ ದಿನ, "ಲೇ, ಇವತ್ತು ನಂಗೆ ಜಗಲೀಲೇ ತಟ್ಟೆ ಕೊಟ್ಬುಡು" ಎನ್ನುತ್ತಾರೆ. ಉಪ್ಪಿನಕಾಯಿ ಆದ ಮೇಲೆ ಜಾಡಿ ಖಾಲಿ ಮಾಡುವವರೂ ಅವರೇ.

ಕೊಳ್ಳೇಗಾಲದ ಮಾರ್ಕೆಟ್ಟಿನಲ್ಲಿ ಈಗ ಈ ಬೇರು ಸಿಕ್ಕುವುದೇ ಅಪರೂಪ. ಸಿಕ್ಕಿತಲ್ಲ ಎಂದು ಖುಷಿಯಲ್ಲೇ ಹೆರೆಯುತ್ತಿದ್ದೆ. ಆಗ ಫೋನ್ ಬಂತು. ಸೆರಗಿಗೆ ಕೈ ಒರೆಸಿಕೊಂಡು ಎತ್ತಿದೆ.

"ಕರೆಂಟಕ್ಕಾ, ನಾನು ಗೌರಿ."

ನನ್ನನ್ನು ಹಾಗೆ ಕರೆಯುವವರು ಈ ಭೂಮಿಯ ಮೇಲೆ ಮೂರೇ ಜನ. ಗೌರಿ, ಅವಳ ತಾಯಿ ಜಡೆಮ್ಮ, ಅವಳ ಅಪ್ಪನ ತಾಯಿ ಕೇತಜ್ಜಿ. ಗೌರಿಯನ್ನು ಕುಂತೂರಿಗೆ ಕೊಟ್ಟಿದ್ದಾರೆ. ಗಂಡ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ, ಇವಳು ಅಲ್ಲಿನ ಅಂಗನವಾಡಿಯಲ್ಲಿ ಟೀಚರ್. ಹಬ್ಬಹರಿದಿನಕ್ಕೆ ಬಿಟ್ಟರೆ ಫೋನ್ ಮಾಡುವವಳಲ್ಲ.

"ಏನ್ ಮಗ, ಏನಾಯ್ತು?"

"ಅಜ್ಜಿಗೆ ಲಕ್ವ ಒಡೆದದೆ ಕಣಕ್ಕ. ಬಲಗಡೆ ಪೂರಾ ಬಿದ್ದೋಗದೆ. ಆಸ್ಪತ್ರೇಲಿ ಒಂದ್ ವಾರ ಇದ್ದು, ಈಗ ನಮ್ಮನೆಗೇ ಕರ್ಕೊಂಡ್ ಬಂದಿದ್ದೀನಿ."

"ಅಯ್ಯೋ ಮಾದಪ್ಪ! ನಂಗೊಂದು ಮಾತು ಏಳೋದಲ್ವಾ?"

"ಬಯ್ಯಬ್ಯಾಡಿ ಅಕ್ಕ, ಕೈಕಾಲೇ ಆಡ್ನಿಲ್ಲ. ಈಗ ಯಾನ ಆಗದೆ ಅಂದ್ರೆ, ಅಜ್ಜಿಗೆ ಕನ್ನಡ ಮರ್ತೋಗದೆ. ಬರೀ ನಮ್ಮ ಸೋಲಿಗ್ರ ಹಳೇ ಮಾತು. ಅದೂ ಒಂದೇ ಮಾತು, ಮೂರು ಮೂರು ಸಲ ಏಳ್ತಾಳೆ, ಏಳ್ಬುಟ್ಟು ನಮ್ಮ ಬಾಯನ್ನೇ ನೋಡ್ತಾಳೆ. ನಾವ್ ಸುಮ್ನಿದ್ರೆ ಮೊಕ ತಿರುಗಿಸ್ಕತಾಳೆ. ಮೂರು ದಿನದಿಂದ ಗಂಜಿ ಬಾಯಿಗಿಟ್ರೆ ಉಗೀತಾಳೆ ಅಕ್ಕ."

"ಜಡೆಮ್ಮಂಗೂ ತಿಳೀದಾ?"

"ಅವ್ವಂಗೆ ಅರ್ಧಂಬರ್ಧ. ನಾನು ಪೋಡಿನ ದೊಡ್ಡಯ್ಯಂಗೆ ಫೋನಲ್ಲೇ ಕೇಳಿಸ್ದೆ. 'ಇದು ಕಾಡಿಗೆ ಬೇರಿಗೋಗೋ ಎಣ್ಣೈಕಳ ಮಾತು ಮಗ, ಗಂಡಸ್ರಿಗೆ ಗೊತ್ತಾಗಲ್ಲ' ಅಂದ್ಬುಟ್ರು. ಅಜ್ಜಿ ಜೊತೆ ಬೇರಿಗೋಯ್ತಿದ್ದೋರು ಈಗ ಯಾರೂ ಇಲ್ಲ. ನೀವೊಬ್ರೇ ಅಕ್ಕ. ಸ್ಪೀಕರ್ ಆಕ್ತೀನಿ, ಒಸಿ ಕೇಳಿ."

ಮೊದಲು ಉಸಿರು ಕೇಳಿಸಿತು. ಆಮೇಲೆ ತೊದಲುತ್ತಿದ್ದರೂ ನಿಧಾನವಾಗಿ, ಹೊಳೆ ದಾಟುವವರು ಕಲ್ಲಿನಿಂದ ಕಲ್ಲಿಗೆ ಕಾಲಿಡುವ ಹಾಗೆ, ಆ ಮಾತು ಬಂತು. ಒಂದು ಸಲ. ಎರಡು ಸಲ. ಮೂರನೆಯ ಸಲ ಕೊನೆಯಲ್ಲಿ ದನಿ ಏರಿಸಿ ನಿಲ್ಲಿಸಿದಳು. ಇನ್ನೊಂದು ಕೈಯಲ್ಲಿದ್ದ ಬೇರನ್ನು ಬೇಸಿನ್ನಿನ ನೀರಿಗೆ ಬಿಟ್ಟೆ.

"ಗೌರಿ, ಅದು ಪ್ರಶ್ನೆ ಕಣಮ್ಮ. ಅದಕ್ಕೊಂದು ಉತ್ತರ ಕೊಡಬೇಕು. ಕೊಡೋಗಂಟ ಅಜ್ಜಿ ಬಿಡಲ್ಲ."

"ಏನು ಉತ್ತರ ಅಕ್ಕ?"

ಪ್ರಶ್ನೆಯ ಗುರುತು ಸಿಕ್ಕಿತು. ಉತ್ತರ ಬಾಯಿಗೆ ಬರಲಿಲ್ಲ. ಹದಿನೆಂಟು ವರ್ಷವಾಗಿತ್ತು. "ಕಾಲು ಗಂಟೆ ಟೈಮ್ ಕೊಡು ಮಗ, ನಾನೇ ಮಾಡ್ತೀನಿ" ಎಂದು ಫೋನಿಟ್ಟು, ಮತ್ತೆ ಮಣೆಯ ಮೇಲೆ ಕೂತೆ.

ಹದಿನೆಂಟು ವರ್ಷದ ಹಿಂದೆ ನಮ್ಮ ಯಜಮಾನರಿಗೆ ರಾಮಾಪುರದ ಕಡೆಗೆ ವರ್ಗವಾಯಿತು. ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಕೆಲಸ. ನಾನು ಹುಟ್ಟಿದ್ದು ಮಾಂಬಳ್ಳಿಯ ಗದ್ದೆ ಬಯಲಿನಲ್ಲಿ. ಬೆಳಿಗ್ಗೆ ಎದ್ದು ಬಿಳಿಗಿರಿರಂಗನ ಬೆಟ್ಟದ ಕಡೆ ಕೈಮುಗಿದರೆ ದಿನ ಶುರು. ರಾಮಾಪುರದಿಂದಾಚೆ ಕಾಡಂಚಿನಲ್ಲಿ ಸಿಕ್ಕಿದ ಶೀಟಿನ ಮನೆಯ ಹಿಂದೆ ಒಂದು ರಾಗಿ ಹೊಲ, ಅದರಾಚೆ ಲಂಟಾನದ ಪೊದೆ, ಆಮೇಲೆ ಬರೀ ಗುಡ್ಡ. ಹೊಲದ ಇನ್ನೊಂದು ಬದಿಯಲ್ಲಿ ಎಂಟೊಂಬತ್ತು ಮನೆಗಳ ಪೋಡು ಇತ್ತು. ಸೋಲಿಗರು ತಮ್ಮ ಹಟ್ಟಿಯನ್ನು ಹಾಗೆ ಕರೆಯುತ್ತಾರೆ.

ಆಗ ನನಗೆ ಮದುವೆಯಾಗಿ ಎಂಟು ವರ್ಷ. ಮಡಿಲು ತುಂಬಿರಲಿಲ್ಲ. ಇವತ್ತಿಗೂ ಇಲ್ಲ. ಅದನ್ನು ಮಾದಪ್ಪನ ಪಾದಕ್ಕೆ ಹಾಕಿ ಸುಮ್ಮನಾಗಿದ್ದೇನೆ. ಸಂಜೆ ದೀಪ ಹಚ್ಚಿದ ಮೇಲೆ ಅವತ್ತು ಆದ ಒಳ್ಳೆಯದನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನವ್ವ ಕಲಿಸಿದ ಅಭ್ಯಾಸ. ಆ ಹೊಸ ಮನೆಯಲ್ಲಿ ಮೊದಲ ತಿಂಗಳು ಎರಡು ಗೆಣ್ಣು ದಾಟುವುದೇ ಕಷ್ಟವಾಗಿತ್ತು. ಹಾಲು ಒಡೆಯಲಿಲ್ಲ, ಒಂದು. ಅವರು ಕಂಬದಿಂದ ಕ್ಷೇಮವಾಗಿ ಇಳಿದು ಬಂದರು, ಎರಡು.

ಆಯುಧಪೂಜೆ ಕಳೆದ ಮೇಲೆ ಹಿಂಗಾರು ಹಿಡಿಯಿತು. ತಮಿಳುನಾಡಿನ ಕಡೆಯಿಂದ ಗಾಳಿ ಬೀಸಿ ಬೀಸಿ ಲೈನುಗಳೆಲ್ಲ ಕಿತ್ತುಹೋದವು. ಯಜಮಾನರು ಎರಡು ದಿನವಾದರೂ ಮನೆಗೆ ಬಂದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೇ ಮನೆಯೊಳಗೆ ಕತ್ತಲು. ಚಿಮಣಿ ಹಚ್ಚಿಕೊಂಡು ಕೂತಿದ್ದೆ. ಬಾಗಿಲಲ್ಲಿ ಯಾರೋ ಮಳೆಗೆ ಹೊದ್ದ ಗೋಣಿಕೊಪ್ಪೆ ಒದರಿದ ಸದ್ದಾಯಿತು. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಕೆಂಪು ಮಣ್ಣು ಮೆತ್ತಿದ ಬೇರು, ಕೆಳಗೆ ನಗುವ ಮುಖ.

"ಒಲೆ ಉರೀತದಾ ಅವ್ವಾ? ಒಸಿ ಕೈ ಕಾಯಿಸ್ಕಂಡು ಓಯ್ತೀನಿ."

ಒಳಗೆ ಬಂದು ಚಿಮಣಿ ನೋಡಿ ಗೊಳ್ಳೆಂದು ನಕ್ಕಳು. "ಲೈನ್‌ಮನ್ ಮನೇಲೇ ಕರೆಂಟಿಲ್ವಾ! ಇನ್ನು ನಮ್ಗೆಲ್ಲಿ ಕೊಟ್ಟೀಯ ಕರೆಂಟಮ್ಮ?"

ಅವತ್ತಿನಿಂದ ನನ್ನ ಹೆಸರು ಅದೇ ಆಯಿತು. ಅವಳು ಕೇತಜ್ಜಿ. ಅವತ್ತು ಒಲೆಯ ಮುಂದೆ ಕೂತು ಮಾಗಳಿ ಬೇರು ಹೆರೆಯುವುದನ್ನು, ಸೀಳಿ ಒಳಗಿನ ಗಟ್ಟಿ ನಾರನ್ನು ಒಂದೇ ಎಳೆತಕ್ಕೆ ಬಿಡಿಸುವುದನ್ನು ತೋರಿಸಿಕೊಟ್ಟಳು. ಮಳೆ ನಿಂತಿತು, ಅವಳು ಏಳಲಿಲ್ಲ, ನಾನೂ ಏಳಿ ಅನ್ನಲಿಲ್ಲ. ಹೊಸ ಊರಿನಲ್ಲಿ ಮನೆಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದ ಪ್ರಶ್ನೆ, ಮಕ್ಕಳೆಷ್ಟು ಎಂಬುದು, ಅವಳ ಬಾಯಿಂದ ಅವತ್ತೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಆ ಸಂಜೆ ಮೂರನೆಯ ಗೆಣ್ಣು ಎಣಿಸಿದೆ.

ಅಲ್ಲಿಂದ ದಿನವೂ ಬರತೊಡಗಿದಳು. ದೇವರ ಮುಂದೆ ನಾನು ಭಯಭಕ್ತಿಯಿಂದ ನಿಲ್ಲುವುದು ಅವಳಿಗೆ ತಮಾಷೆ. "ನಿಮ್ಮೂರ ರಂಗಪ್ಪ ನಮ್ಮ ಎಣ್ಣ ಕಟ್ಕಂಡೋದೋನು ಕಣವ್ವ, ನಮ್ಗೆ ಭಾವ ಆಗ್ಬೇಕು. ನೀನು ಕೈ ಮುಗಿ, ನಾನು ಬಯ್ತೀನಿ. ಇಬ್ರ ಮಾತೂ ಕೇಳ್ತಾನೆ" ಎನ್ನುತ್ತಿದ್ದಳು. ನಾನು ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತಿದ್ದೆ. ಆದರೆ ನಿಜ ಹೇಳಬೇಕೆಂದರೆ, ದೇವರು ನೆಂಟನೂ ಆಗಬಹುದು ಎಂಬುದು ನನಗೆ ಆಮೇಲೆ ಎಷ್ಟೋ ಕಷ್ಟದ ದಿನ ಧೈರ್ಯ ಕೊಟ್ಟಿದೆ.

ನನ್ನ ಹತ್ತಿರ ಅವಳು ನಮ್ಮ ಕನ್ನಡವನ್ನೇ ಆಡುತ್ತಿದ್ದಳು. ಪೋಡಿನಲ್ಲಿ, ತನ್ನ ವಯಸ್ಸಿನವರ ಜೊತೆ ಬೇರೆ ಮಾತು. ಮೊದಮೊದಲು ಅದೂ ನಮ್ಮದೇ ಹಳ್ಳಿಮಾತು, ಸ್ವಲ್ಪ ಎಳೆದು ಆಡುತ್ತಾರೆ ಎಂದುಕೊಂಡಿದ್ದೆ. ಕೇಳುತ್ತಾ ಹೋದಂತೆ ಗೊತ್ತಾಯಿತು, ಅದು ಅಕ್ಕತಂಗಿಯರಲ್ಲಿ ಒಬ್ಬಳಂತೆ. ಮುಖದ ಗುರುತು ಹತ್ತುತ್ತದೆ, ಆದರೆ ಅವಳ ಪೆಟ್ಟಿಗೆಯಲ್ಲಿರುವ ಸೀರೆ ಬೇರೆ, ಬದುಕು ಬೇರೆ. ಮರದ ಹೆಸರು, ಗಾಳಿಯ ಹೆಸರು, ಜೇನಿನ ಹೆಸರು ಒಂದೂ ನನಗೆ ತಿಳಿಯುತ್ತಿರಲಿಲ್ಲ. ಹತ್ತಿರದ ಮಾತಾದ್ದರಿಂದಲೇ ಅದು ನಮ್ಮ ಮಾತಿನೊಳಗೆ ಹಾಲಿಗೆ ಬಿದ್ದ ಬೆಲ್ಲದ ಹಾಗೆ ಕರಗುತ್ತಿತ್ತು. ಕರಗಿದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಜ್ಜಿಯ ಮಗ ತೀರಿಕೊಂಡಿದ್ದ. ಸೊಸೆ ಜಡೆಮ್ಮ ಸೋಲಿಗರವಳೇ. ಆದರೆ ಬೆಳೆದದ್ದು ಗಡಿಯ ಹತ್ತಿರ ಕಲ್ಲುಕೋರೆಯ ಕೂಲಿ ಲೈನಿನಲ್ಲಿ. ತಮಿಳು ಮೊದಲು, ಕನ್ನಡ ಆಮೇಲೆ, ತಮ್ಮ ಮಾತು ಅಲ್ಲಲ್ಲಿ. ಕಾಡೆಂದರೆ ಅವಳಿಗೆ ಹೆದರಿಕೆ, ಅತ್ತೆಯ ಜೊತೆ ಬೇರಿಗೆ ಒಂದು ದಿನವೂ ಹೋದವಳಲ್ಲ. ಆರು ವರ್ಷದ ಗೌರಿಯೊಬ್ಬಳೇ ಅಜ್ಜಿಯ ಮಾತನ್ನು ಅಜ್ಜಿಯ ಹಾಗೇ ಆಡುತ್ತಿದ್ದಳು.

ಅದೇ ಅವಳಿಗೆ ಶಾಲೆಯಲ್ಲಿ ಕಷ್ಟವಾಯಿತು. ಬಾಯಿ ತೆರೆದರೆ ಉಳಿದ ಮಕ್ಕಳು ನಗುತ್ತಿದ್ದವಂತೆ. ನವೆಂಬರಿನ ಹೊತ್ತಿಗೆ ಹುಡುಗಿ ಬಾಯಿ ತೆರೆಯುವುದನ್ನೇ ಬಿಟ್ಟಳು. ಒಂದು ಸಂಜೆ ಜಡೆಮ್ಮ ಅವಳನ್ನು ಎಳೆದುಕೊಂಡು ನಮ್ಮ ಮನೆಗೆ ಬಂದಳು.

"ಕರೆಂಟಕ್ಕ, ನೀವು ಓದಿರೋರು. ಇವ್ಳಿಗೆ ಒಸಿ ನಿಮ್ ಮಾತು ಏಳ್ಕೊಡಿ. ಇಲ್ದಿದ್ರೆ ಇದೂ ನನ್ನಂಗೆ ಕಲ್ಲು ಒಡಿಯಕ್ಕೆ ಓಯ್ತದೆ."

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೂ ಯಾರೋ ನನ್ನ ಕೈಗೆ ಒಂದು ಕೂಸನ್ನು ಕೊಟ್ಟು ನೋಡಿಕೋ ಎಂದರಲ್ಲ, ನನಗೆ ಕೋಡು ಮೂಡಿತು. ದಿನಾ ಸಂಜೆ ಕೂರಿಸಿಕೊಂಡು ಮಗ್ಗಿ, ಪದ್ಯ ಹೇಳಿಸಿದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಒಂದು ದಿನ ಅಜ್ಜಿ ಅಲ್ಲೇ ಕೂತಿರುವಾಗಲೇ ಜಡೆಮ್ಮನಿಗೆ ಹೇಳಿದೆ: "ಇಲ್ಲಿ ಒಂದು ಮಾತು, ಮನೇಲಿ ಒಂದು ಮಾತು ಆದ್ರೆ ಮಗೂಗೆ ಗೊಂದಲ ಆಯ್ತದೆ ಕಣಮ್ಮ. ಇನ್ನು ಮನೇಲೂ ಕನ್ನಡದಲ್ಲೇ ಮಾತಾಡಿ."

ಜಡೆಮ್ಮ ತಲೆಯಾಡಿಸಿದಳು. ಅಜ್ಜಿ ಕೈಯಲ್ಲಿದ್ದ ಬೇರನ್ನು ಹೆರೆದು ಮುಗಿಸಿ, ಸಿಪ್ಪೆ ಗೋರಿಕೊಂಡು ಎದ್ದು ಹೋದಳು.

ಮಾರನೆಯ ದಿನದಿಂದ ಅವಳು ಮೊಮ್ಮಗಳ ಜೊತೆ ಕನ್ನಡದಲ್ಲೇ ಮಾತಾಡಿದಳು. ನನ್ನ ಮಾತು ಪಾಲಿಸಿದಳು. ತನ್ನ ಮಾತನ್ನು ಕೋಳಿಗಳಿಗೆ ಆಡತೊಡಗಿದಳು. ಕಾಳು ಚೆಲ್ಲುತ್ತಾ, ಅವಕ್ಕೆ ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಗೌರಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿತ್ತು. ನಾನು ಅದನ್ನು ಕಣ್ಣಾರೆ ಕಂಡೆ. ಕಂಡು ನಕ್ಕೆ ಕೂಡ.

ಕಾರ್ತಿಕದ ಒಂದು ಶನಿವಾರ ಅಜ್ಜಿ ಬಂದು, "ನಾಳೀಕೆ ಗೌರೀನ ಬೇರಿಗೆ ಕರ್ಕ ಓಗ್ಬೇಕು. ಎಸ್ರು ಏಳ್ಸೋದದೆ" ಅಂದಳು. ಏನು ಹೆಸರು, ಯಾರಿಗೆ ಹೇಳಿಸುವುದು ಎಂದು ನಾನು ಕೇಳಲಿಲ್ಲ. ಸೋಮವಾರ ಶಾಲೆಗೆ ಮೇಲಿನ ಆಫೀಸಿನವರು ಬರುವವರಿದ್ದರು, ಗೌರಿ ಅವರ ಮುಂದೆ ಮಗ್ಗಿ ಒಪ್ಪಿಸಬೇಕಿತ್ತು. ಭಾನುವಾರವಿಡೀ ಕೂರಿಸಿ ಹೇಳಿಸಬೇಕೆಂದು ನಾನು ಲೆಕ್ಕ ಹಾಕಿದ್ದೆ.

"ಈ ವಾರ ಬ್ಯಾಡ ಅಜ್ಜಿ. ಬೇರು ಎಲ್ಲಿ ಓಯ್ತದೆ? ಮುಂದಿನ ವಾರ ಕರ್ಕಂಡೋಗು" ಅಂದೆ.

"ಬೇರು ಓಗಲ್ಲ ಕಣವ್ವ. ನಾವು ಓಗೋದು" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಒಬ್ಳೇ ಓಗಂಗಿಲ್ಲ, ಜೊತೇಲಿ ಒಂದು ಎಣ್ಣು ಬೇಕು. ಅಂಗಾರೆ ನೀನೇ ಬಾ" ಅಂದಳು.

ಹೋದೆ. ಗೌರಿಯನ್ನು ಜಡೆಮ್ಮನ ಮುಂದೆ ಮಗ್ಗಿ ಪುಸ್ತಕ ಕೊಟ್ಟು ಕೂರಿಸಿ ಹೋದೆ. ಎಳೆ ಬಿಸಿಲು, ಮಳೆಯಲ್ಲಿ ನೆಂದು ಮೆತ್ತಗಾದ ನೆಲ. ಲಂಟಾನ ದಾಟಿ ಗುಡ್ಡದ ಕಲ್ಲುಸಂದಿಗೆ ಹೋದೆವು. ಅಲ್ಲಿ ಕಲ್ಲನ್ನು ತಬ್ಬಿಕೊಂಡು ಮಾಗಳಿ ಬಳ್ಳಿ ಹಬ್ಬಿತ್ತು. ಅಜ್ಜಿ ಸಣ್ಣ ಹಾರೆಯಿಂದ ಬಳ್ಳಿಯ ಒಂದು ಪಕ್ಕವನ್ನು ಮಾತ್ರ ಬಿಡಿಸಿ, ಬೆರಳು ಗಾತ್ರದ ನಾಲ್ಕು ಬೇರು ಕತ್ತರಿಸಿಕೊಂಡಳು. ನಡುವಿನ ದಪ್ಪ ಬೇರನ್ನು ಮುಟ್ಟಲಿಲ್ಲ. "ಅದು ತಾಯಿ. ಅವಳ್ನ ಕಿತ್ರೆ ಮುಂದ್ಲೊರ್ಸ ಯಾರ್ನ ಕೇಳೋದು?" ಅಂದಳು. ಹಳ್ಳಕ್ಕೆ ಮಣ್ಣು ತುಂಬಿದಳು. ತುಂಬಿ, ಅಂಗೈಯಿಂದ ಮೆಲ್ಲಗೆ ತಟ್ಟಿದಳು, ಮಗುವನ್ನು ಮಲಗಿಸುವ ಹಾಗೆ. ಆಮೇಲೆ ನನ್ನನ್ನು ಎದುರಿಗೆ ಕೂರಿಸಿ ಆ ಮಾತು ಆಡಿದಳು. ಮೂರು ಸಲ.

ನನ್ನ ಹಿಂದೆ ಬರುವವಳು ಯಾರು? ಅವಳನ್ನು ಕರೆತಂದವಳು ಯಾರು? ಅಷ್ಟೇ ಅದರ ಅರ್ಥ. ಕೇಳುವುದು ಅಜ್ಜಿಯಲ್ಲ, ಬೇರು ಕೇಳುತ್ತದೆ, ಅಜ್ಜಿ ಅದರ ಬಾಯಿ. ಎದುರಿಗೆ ಕೂತವಳು ತನ್ನ ಹೆಸರು ಹೇಳಿ, ತನ್ನನ್ನು ಕರೆತಂದವಳ ಹೆಸರು ಹೇಳಬೇಕು. ಅದನ್ನು ಆ ಮಾತಿನಲ್ಲೇ ಹೇಳಬೇಕು, ಕನ್ನಡ ಅದಕ್ಕೆ ತಿಳಿಯುವುದಿಲ್ಲವಂತೆ. ಹೇಳಿದ ಮೇಲೆ ಆ ಬಳ್ಳಿಯ ಮುಂದೆ ಅವಳು ಅಪರಿಚಿತಳಲ್ಲ. ಅಜ್ಜಿಯನ್ನು ಅವಳ ಅತ್ತೆ ಕರೆತಂದಿದ್ದಳು, ಆ ಅತ್ತೆಯನ್ನು ಇನ್ನಾರೋ. ಬೇರೆ ಪೋಡುಗಳಲ್ಲಿ ಹೀಗೆ ಮಾಡುತ್ತಾರೋ ಇಲ್ಲವೋ ನಾನರಿಯೆ. ನಾನು ಕಂಡದ್ದು ಕೇತಜ್ಜಿಯನ್ನು ಮಾತ್ರ.

ಆ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಅಜ್ಜಿ ನನ್ನ ಬಾಯಿಗೆ ಕೊಟ್ಟಳು, ಕಾಗದಕ್ಕಲ್ಲ.

ಮೊದಲ ಸಲ ತಪ್ಪು ಹೇಳಿದೆ. ಅಜ್ಜಿ ನೆಲಕ್ಕೆ ಕೈಯೂರಿ ನಕ್ಕಳು. "ಅಯ್ಯೋ ನಮ್ಮವ್ವ, ಈ ಬಾಯೀಲಿ ಕೇಳುದ್ರೆ ಬೇರು ಒಳೀಕೆ ಓಡೋಯ್ತದೆ!" ಎರಡನೆಯ ಸಲವೂ ತಪ್ಪಿತು. ಮೂರನೆಯ ಸಲ ನೆಟ್ಟಗೆ ಬಂತು: ನನ್ನ ಹೆಸರು ಕರೆಂಟಮ್ಮ, ನನ್ನನ್ನು ಕರೆತಂದವಳು ಕೇತಮ್ಮ. ಅಜ್ಜಿ ನಗು ನಿಲ್ಲಿಸಿ, ಮಣ್ಣಾದ ಕೈಯಿಂದಲೇ ನನ್ನ ಕೈಯ ಮೇಲೆ ಎರಡು ಸಲ ತಟ್ಟಿದಳು. ಯಾರ ಮನೆಯ ಮಡಿಲಿನಲ್ಲೂ ಜಾಗ ಸಿಗದ ನನಗೆ ಒಂದು ಗುಡ್ಡ ಜಾಗ ಕೊಟ್ಟಿತ್ತು. ಆ ಜಾಗ ಆರು ವರ್ಷದ ಒಂದು ಹುಡುಗಿಯದಾಗಿತ್ತು ಎಂಬುದು ಅವತ್ತು ನನಗೆ ಹೊಳೆಯಲಿಲ್ಲ.

ಸಂಜೆ ಯಜಮಾನರಿಗೆ ಹೇಳಿದರೆ, "ಏನೇ, ಬೇರಿಗೆ ಅಡ್ರೆಸ್ ಕೊಟ್ಬುಟ್ ಬಂದ್ಯಾ? ನಾಳೆ ಕಾಗದ ಗೀಗದ ಬರ್ದಾತು" ಎಂದು ರೇಗಿಸಿದರು.

ಸೋಮವಾರ ಗೌರಿ ಮಗ್ಗಿಯನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಬಂದವರು ಒಂದು ಪೆನ್ನು ಕೊಟ್ಟರಂತೆ. ಯಾರೂ ನಗಲಿಲ್ಲವಂತೆ. ಓಡಿ ಬಂದು ನನ್ನ ಸೊಂಟ ತಬ್ಬಿಕೊಂಡಳು. ಆ ಸಂಜೆ ಬೆರಳ ಗೆಣ್ಣು ಸಾಲಲಿಲ್ಲ. ಅದು ಸುಳ್ಳಾಗಿರಲಿಲ್ಲ, ಇವತ್ತಿಗೂ ಅದನ್ನು ಒಳ್ಳೆಯದರ ಸಾಲಿನಿಂದ ತೆಗೆಯಲು ಮನಸ್ಸು ಬರುವುದಿಲ್ಲ.

ಮುಂದಿನ ಭಾನುವಾರ ಗೌರಿಗೆ ಜ್ವರ. ಅದರಾಚೆ ವಾರ ಅವಳೇ, "ನಂಗೆ ಆ ಮಾತು ಬ್ಯಾಡ ಅಜ್ಜಿ, ಮಿಸ್ಸು ಬಯ್ತಾರೆ" ಅಂದಳು. ಮಿಸ್ಸು ಎಂದರೆ ನಾನು. ಅಜ್ಜಿ ಮತ್ತೆ ಕರೆಯಲಿಲ್ಲ.

ಆ ಚಳಿಗಾಲವಿಡೀ ಅಜ್ಜಿಯ ಜೊತೆ ನಾನು ಗುಡ್ಡ ಹತ್ತಿದೆ. ಬೆಳಗಿನ ಮಂಜಿನಲ್ಲಿ ಹೋಗಿ ಬಿಸಿಲೇರುವ ಮೊದಲು ಬರುವುದು. ಕಲ್ಲಿನ ಮೇಲೆ ಕೂತು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿನ್ನುವುದು. ಯಾವ ಹಕ್ಕಿ ಕೂಗಿದರೆ ಎದ್ದು ಬಂದ ದಾರಿಯಲ್ಲೇ ವಾಪಸ್ಸಾಗಬೇಕು, ಯಾವ ಮರದ ಕೆಳಗೆ ಜೋರಾಗಿ ಮಾತಾಡಬಾರದು, ಎಲ್ಲ ತನ್ನ ಮಾತಿನಲ್ಲೇ ಹೇಳುತ್ತಿದ್ದಳು. ಮನೆಯಲ್ಲಿ ಆಡಲಾಗದ್ದನ್ನೆಲ್ಲ ಗುಡ್ಡದಲ್ಲಿ ನನ್ನ ಮುಂದೆ ಸುರಿದಳು. ನಾನೇ ಬೇಡವೆಂದು ಮುಚ್ಚಿಸಿದ ಮಾತು ನನ್ನ ಕಿವಿಗೇ ಬಂದು ಬೀಳುತ್ತಿತ್ತು. ಅದು ನನಗೆ ಸಿಹಿಯಾಗಿಯೂ ಇತ್ತು.

ಶಿವರಾತ್ರಿಯ ಹೊತ್ತಿಗೆ ಯಜಮಾನರಿಗೆ ಕೊಳ್ಳೇಗಾಲಕ್ಕೆ ವರ್ಗದ ಆರ್ಡರ್ ಬಂತು. ರಾಮಾಪುರದ ಬಸ್‌ಸ್ಟಾಪಿಗೆ ಅಜ್ಜಿ ಬಂದಿದ್ದಳು. ಅಳಲಿಲ್ಲ. "ಬೇರು ಕಾಯ್ತದೆ ಕಣವ್ವ. ಎಸ್ರು ಏಳಿದ್ದೀಯ, ಬರ್ದೇ ಇರ್ಬ್ಯಾಡ" ಅಂದಳು. ಬರುತ್ತೇನೆ ಎಂದೆ. ಮಾದಪ್ಪನ ಬೆಟ್ಟಕ್ಕೆ ಹೋಗುವಾಗ ಆ ದಾರಿಯಲ್ಲಿ ಬಸ್ಸಿನಲ್ಲಿ ಹಾದುಹೋಗಿದ್ದೇನೆ, ಎರಡು ಸಲ ಇಳಿದು ಪೋಡಿನಲ್ಲಿ ಕಾಫಿ ಕುಡಿದು ಬಂದಿದ್ದೇನೆ. ಗುಡ್ಡಕ್ಕೆ ಹೋಗಲಿಲ್ಲ. ಆಮೇಲೆ ಅರಣ್ಯ ಇಲಾಖೆಯವರು ಬೇರು ತೆಗೆಯುವುದಕ್ಕೇ ಬಿಡುವುದಿಲ್ಲ ಎಂದರು, ಹೋಗುವ ಮಾತೇ ನಿಂತಿತು. ಮೂರು ವರ್ಷದ ಹಿಂದೆ ಗೌರಿಯ ಮದುವೆಯಲ್ಲಿ ಅಜ್ಜಿಯನ್ನು ಕಂಡದ್ದೇ ಕೊನೆ. ಎಲ್ಲರ ನಡುವೆ ನನ್ನ ಕೈ ಹಿಡಿದು ಮೂಗಿನ ಹತ್ತಿರ ತಂದು ಮೂಸಿದಳು. "ಬೇರು ವಾಸ್ನೆ ಓಗ್ಬುಟ್ಟದೆ" ಎಂದು ಕೈಬಿಟ್ಟಳು.

ಹಿತ್ತಿಲಲ್ಲಿ ಕೂತು ಇದೆಲ್ಲ ನೆನೆಯುತ್ತಿದ್ದವಳು ನನ್ನ ಬಲಗೈಯನ್ನು ಮೂಗಿಗೆ ಹಿಡಿದೆ. ಬೆಳಗಿನಿಂದ ಹೆರೆದದ್ದು, ಉಗುರುಸಂದಿಯಲ್ಲೆಲ್ಲ ವಾಸನೆ ಇತ್ತು. ಆ ವಾಸನೆಯ ಹಿಂದೆ ನೆಂದ ಮಣ್ಣು, ಅದರ ಹಿಂದೆ ರೊಟ್ಟಿಯ ಬುತ್ತಿ, ಅದರ ಹಿಂದೆ ಅಜ್ಜಿಯ ನಗು. ಉತ್ತರ ತಾನಾಗೇ ಬಾಯಿಗೆ ಬಂತು. ಗಟ್ಟಿಯಾಗಿ ಹೇಳಿಕೊಂಡೆ. ಜಗಲಿಯಿಂದ ಯಜಮಾನರು, "ಯಾರ ಜೊತೇನೇ ಮಾತು?" ಎಂದರು.

"ನಿಮ್ಮ ಜೊತೆ ಅಲ್ಲ, ಸುಮ್ಕಿರಿ."

ಫೋನ್ ಮಾಡಿದೆ. ಗೌರಿ ಮೊದಲನೆಯ ರಿಂಗಿಗೇ ಎತ್ತಿದಳು. ಹಿಂದಿನಿಂದ ಅಜ್ಜಿಯ ದನಿ ಕೇಳುತ್ತಲೇ ಇತ್ತು. ಕೇಳುತ್ತಾಳೆ, ನಿಲ್ಲುತ್ತಾಳೆ, ಕಾಯುತ್ತಾಳೆ.

"ನೆಪ್ಪಾಯ್ತಾ ಅಕ್ಕ? ಸ್ಪೀಕರ್ ಆಕ್ಲಾ? ನೀವೇ ಏಳ್ಬುಡಿ."

ಆ ಕ್ಷಣ ನನ್ನ ಬಾಯಲ್ಲಿ ನನ್ನ ಹೆಸರೇ ಇತ್ತು. ಹೇಳಿದ್ದರೆ ಅಜ್ಜಿಗೆ ಸಾಕಾಗುತ್ತಿತ್ತೋ ಏನೋ. ಹೇಳಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದರೆ ತುಟಿ ಕಚ್ಚಿಕೊಂಡೆ. ಒಂದೇ ಒಂದು ಸಲ ಅವಳ ಮುಂದೆ ಮತ್ತೆ ಕರೆಂಟಮ್ಮ ಎನ್ನಿಸಿಕೊಂಡು ಮುಗಿಸಬೇಕು ಎನ್ನಿಸಿತು. ಮಾದಪ್ಪ ನಡೆಸಿದ.

"ಬ್ಯಾಡ ಮಗ. ಸ್ಪೀಕರ್ ಬ್ಯಾಡ. ನೀನು ಕಿವಿಗೆ ಇಟ್ಕೊ. ನಾನು ಏಳ್ಕೊಡ್ತೀನಿ, ನೀನು ಏಳ್ಬೇಕು."

"ನಂಗೆ ಆ ಮಾತು ಬರಲ್ವಲ್ಲ ಅಕ್ಕ."

"ಬತ್ತಿತ್ತು ಕಣಮ್ಮ. ನಿಂಗೆ ಚೆನ್ನಾಗಿ ಬತ್ತಿತ್ತು. ಬ್ಯಾಡ ಅಂದಿದ್ದು ನಾನು." ಇಷ್ಟು ವರ್ಷ ಹೇಳದಿದ್ದುದನ್ನು ಹೇಳಿದೆ. "ಮನೇಲಿ ಮಾತಾಡಬ್ಯಾಡಿ ಅಂತ ನಿಮ್ಮವ್ವಂಗೆ ಏಳಿದ್ದೂ ನಾನೇ. ಅಜ್ಜಿ ನಿನ್ನ ಕರ್ಕಂಡೋಗ್ಬೇಕಾಗಿದ್ದ ದಿನ ನಿನ್ನ ಜಾಗಕ್ಕೆ ಓಗಿದ್ದೂ ನಾನೇ."

ಆಮೇಲೆ ಗೌರಿ, "ಕೋಳಿಗಳ ಜೊತೆ ಮಾತಾಡೋದು ಬಾಗಿಲಿಂದ ಕೇಳಿಸ್ಕತಿದ್ದೆ ಅಕ್ಕ" ಅಂದಳು. ಅಷ್ಟೇ. ಬಯ್ಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. "ಏಳ್ಕೊಡಿ" ಅಂದಳು.

ಬೇರಿನ ವಿಷಯ, ಹಳ್ಳದ ವಿಷಯ, ಎದುರಿಗೆ ಕೂರುವ ವಿಷಯ ಎಲ್ಲ ಹೇಳಿದೆ. ಉತ್ತರವನ್ನು ತುಂಡು ತುಂಡು ಮಾಡಿ ಹೇಳಿಕೊಟ್ಟೆ, ಮಗ್ಗಿ ಹೇಳಿಕೊಟ್ಟ ಹಾಗೆ. ಮೊದಲು ನಿನ್ನ ಹೆಸರು, ಆಮೇಲೆ ಕರೆತಂದವಳ ಹೆಸರು, ಅಲ್ಲಿ ಕೇತಮ್ಮ ಅನ್ನಬೇಕು ಎಂದೆ. ಎರಡು ಸಲ ನನ್ನ ಹತ್ತಿರ ಹೇಳಿದಳು. ಎರಡನೆಯ ಸಲ ಅವಳ ನಾಲಿಗೆ ನನಗಿಂತ ಸಲೀಸಾಗಿ ಹೊರಳಿತು. ಯಾವುದೋ ಹಳೆಯ ದಾರಿ ಅದಕ್ಕೆ ಸಿಕ್ಕಿದಂತಿತ್ತು.

"ಈಗ ಎದುರಿಗೆ ಕೂತ್ಕೊ. ಫೋನ್ ಪಕ್ಕದಲ್ಲಿ ಮಡಗು, ನಾನು ಕೇಳ್ತಿರ್ತೀನಿ."

ಮಂಚದ ಸದ್ದಾಯಿತು. ಅಜ್ಜಿ ಕೇಳಿದಳು. ಎರಡನೆಯ ಸಲ ಕೇಳಿದಳು. ಮೂರನೆಯ ಸಲ ದನಿ ಏರಿಸಿ ನಿಲ್ಲಿಸಿದಳು.

ಗೌರಿ ಆ ಮಾತಿನಲ್ಲೇ ತನ್ನ ಹೆಸರು ಹೇಳಿದಳು. ಆಮೇಲೆ ಒಂದು ಉಸಿರು ತಡೆದು, ಕರೆತಂದವಳ ಜಾಗದಲ್ಲಿ, "ಕರೆಂಟಮ್ಮ" ಎಂದಳು.

ನಾನು ಹೇಳಿಕೊಟ್ಟದ್ದು ಅದಲ್ಲ.

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆಮೇಲೆ ಆ ಕಡೆಯಿಂದ ಗಂಟಲಲ್ಲಿ ಗುರುಗುಟ್ಟಿದ ಹಾಗೆ ಒಂದು ಸದ್ದು ಬಂತು. ಜಡೆಮ್ಮ, "ಅಯ್ಯೋ, ಯಾನಾಯ್ತು ನೋಡು" ಎಂದು ಗಾಬರಿಬಿದ್ದಳು. ನನಗೆ ಗಾಬರಿಯಾಗಲಿಲ್ಲ. ಅರ್ಧ ಮುಖದಲ್ಲಿ ಆದರೂ ಕೇತಜ್ಜಿಯ ನಗು ಅದು.

"ಅಕ್ಕಾ" ಗೌರಿ ಫೋನ್ ಎತ್ತಿಕೊಂಡಳು. "ಎಡಗೈಲಿ ನನ್ನ ಕೈ ಮೇಲೆ ತಟ್ತಾವಳೆ. ಮೆಲ್ಲಗೆ ತಟ್ತಾನೇ ಅವಳೆ. ಇದೇನಕ್ಕ?"

"ಮಣ್ಣು ಮುಚ್ತಾವಳೆ ಮಗ. ಸುಮ್ನೆ ಕೂತ್ಕೊ, ಕೈ ತಕ್ಕೊಬ್ಯಾಡ."

ಅರ್ಧ ಗಂಟೆ ಬಿಟ್ಟು ಮತ್ತೆ ಅವಳೇ ಫೋನ್ ಮಾಡಿದಳು. ಮೂರು ಚಮಚ ಗಂಜಿ ಇಳಿಯಿತಂತೆ, ನಾಲ್ಕನೆಯದನ್ನು ಉಗಿದು ನಿದ್ದೆ ಹೋದಳಂತೆ. ಕನ್ನಡ ಬಂದಿಲ್ಲ. ಬರುವುದೋ ಇಲ್ಲವೋ ಡಾಕ್ಟರೂ ಹೇಳಲಾರರಂತೆ. ಬುಧವಾರ ಬರುತ್ತೇನೆ ಎಂದೆ. ಹೋಗುವಾಗ ಕೈ ಸೋಪು ಹಾಕಿ ತೊಳೆಯಬಾರದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮೂರು ಚಮಚ. ಸಂಜೆಗೆ ಕಾಯದೆ ಅಲ್ಲೇ ಗೆಣ್ಣಿನ ಮೇಲೆ ಎಣಿಸಿದೆ.

ಬೇಸಿನ್ನಿನ ತಳದಲ್ಲಿ ಇನ್ನೂ ಹತ್ತು ಹನ್ನೆರಡು ಬೇರು ಉಳಿದಿದ್ದವು. ಬಿಸಿಲು ಮಣೆಯ ತನಕ ಬಂದಿತ್ತು. ಮಣೆಯನ್ನು ನೆರಳಿಗೆ ಎಳೆದುಕೊಂಡು, ಹೆರೆದಿಟ್ಟ ಬೇರುಗಳನ್ನು ಒಂದೊಂದಾಗಿ ಸೀಳಿ, ಒಳಗಿನ ನಾರನ್ನು ಬಿಡಿಸತೊಡಗಿದೆ. ಬೇರು ಹಾಕಿಡುವ ಮಜ್ಜಿಗೆಗೆ ಉಪ್ಪು ಹಾಕುವುದು ಇನ್ನೂ ಬಾಕಿ ಇತ್ತು.